ಜಿಂಕ್, ಸೆಲೆನಿಯಂ ನುಂಗಿದರೆ ಪ್ರಾಸ್ಟೇಟ್ ಕ್ಯಾನ್ಸರ್ ಬರಲ್ವಾ?

ಹಿಂದಿನ ಸಂಚಿಕೆಯಲ್ಲಿ ಗಂಡಸರ ಮೂತ್ರದ ತೊಂದರೆಗಳ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಅರ್ಧಕ್ಕೂ ಜಾಸ್ತಿ ಪ್ರಾಸ್ಟೇಟ್ ಕ್ಯಾನ್ಸರ್ ಬಗ್ಗೆಯೇ ಇದ್ದವು, ಅದರಲ್ಲೂ ಬಹಳ ಜನ ಕೇಳಿದ್ದು 'ಯಾವ ಖನಿಜ ತಗೊಂಡರೆ ಇದು ಬರಲ್ಲ' ಅಂತ. ಪ್ರಾಸ್ಟೇಟ್ ಅಂದರೆ ಗಂಡಸರಲ್ಲಿ ಮೂತ್ರಚೀಲದ ಕೆಳಗೆ ಇರುವ, ದೊಡ್ಡ ನೆಲ್ಲಿಕಾಯಿ ಗಾತ್ರದ ಗ್ರಂಥಿ. ವಯಸ್ಸಾದಂತೆ ಅದು ದೊಡ್ಡದಾಗುವುದು ಬೇರೆ, ಅದರಲ್ಲಿ ಕ್ಯಾನ್ಸರ್ ಬರುವುದು ಬೇರೆ. ಈ ವ್ಯತ್ಯಾಸ ನೆನಪಿಟ್ಟುಕೊಂಡು ಕೆಳಗಿನ ಉತ್ತರಗಳನ್ನು ಓದಿ.

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನಮ್ಮ ಯಜಮಾನರಿಗೆ 57 ವರ್ಷ. ಹೋದ ವರ್ಷ ಅವರ ಅಣ್ಣನಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಅಂತ ಗೊತ್ತಾಯ್ತು. ಆವತ್ತಿಂದ ಇವರಿಗೆ ಮಾತ್ರೆಗಳ ಮೇಲೆ ನಂಬಿಕೆ ಬಂದುಬಿಟ್ಟಿದೆ. ಕೊರೊನಾ ಟೈಮಲ್ಲಿ ಶುರು ಮಾಡಿದ ಜಿಂಕ್ ಇನ್ನೂ ಬಿಟ್ಟಿಲ್ಲ. ಮಗ ಅಮೆರಿಕದಿಂದ ಬರುವಾಗ ಸೆಲೆನಿಯಂ ತಂದುಕೊಟ್ಟ. ಅದರ ಜೊತೆ ಒಂದು ಮಲ್ಟಿವಿಟಮಿನ್, 'ಪ್ರಾಸ್ಟೇಟ್ ಹೆಲ್ತ್' ಅಂತ ಬರೆದಿರೋ ಇನ್ನೊಂದು ಡಬ್ಬಿ. ಟೆಸ್ಟ್ ಮಾಡಿಸಿಕೊಳ್ಳಿ ಅಂದ್ರೆ 'ಇಷ್ಟೆಲ್ಲ ತಗೋತಾ ಇದ್ದೀನಲ್ಲ, ಏನಾಗುತ್ತೆ' ಅಂತಾರೆ. ನಾಲ್ಕೂ ಡಬ್ಬಿಗಳ ಫೋಟೋ ಕಳಿಸಿದ್ದೀನಿ, ನೋಡಿ ಹೇಳಿ.
(ಗೃಹಿಣಿ, ಜಯನಗರ)

ಉತ್ತರ: ಅಮ್ಮಾ, ಫೋಟೋ ಕಳಿಸಿದ್ದು ಬಹಳ ಒಳ್ಳೆಯದಾಯಿತು. ನಾಲ್ಕನ್ನೂ ದೊಡ್ಡದು ಮಾಡಿಕೊಂಡು, ಹಿಂದಿನ ಸಣ್ಣ ಅಕ್ಷರ ಓದಿ ಲೆಕ್ಕ ಹಾಕಿದೆ. ಜಿಂಕ್ ಮಾತ್ರೆಯಲ್ಲಿ 50 ಮಿಲಿಗ್ರಾಂ. ಮಲ್ಟಿವಿಟಮಿನ್‌ನಲ್ಲಿ 22.5. ಪ್ರಾಸ್ಟೇಟ್ ಡಬ್ಬಿಯ ಕ್ಯಾಪ್ಸೂಲ್‌ನಲ್ಲಿ 30. ಕೂಡಿಸಿದರೆ ದಿನಕ್ಕೆ 102.5 ಮಿಲಿಗ್ರಾಂ ಜಿಂಕ್. ಊಟದಲ್ಲಿ ಸಿಗುವುದು ಇದರ ಮೇಲೆ ಬೇರೆ. ನಮ್ಮ ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರ ಪಟ್ಟಿ ಪ್ರಕಾರ ಒಬ್ಬ ಗಂಡಸಿಗೆ ದಿನಕ್ಕೆ ಬೇಕಾದದ್ದು 17 ಮಿಲಿಗ್ರಾಂ, ದಾಟಬಾರದ ಮಿತಿ 40. ನಿಮ್ಮ ಯಜಮಾನರು ಆ ಮಿತಿಯ ಎರಡೂವರೆ ಪಟ್ಟು ತಗೋತಾ ಇದ್ದಾರೆ, ಅದೂ ವರ್ಷಗಟ್ಟಲೆ. ಜಿಂಕ್ ಮಾತ್ರೆಯೊಂದೇ ಆ ಮಿತಿ ದಾಟುತ್ತದೆ, ಆದರೂ ಒಟ್ಟು ಎಷ್ಟು ಜಾಸ್ತಿ ಅನ್ನುವುದು ಮೂರನ್ನೂ ಒಟ್ಟಿಗೆ ಇಟ್ಟು ಕೂಡಿಸಿದಾಗಲೇ ಗೊತ್ತಾಗುವುದು. ಅಂಗಡಿಯವರು ಕೂಡಿಸಿ ಹೇಳುವುದಿಲ್ಲ, ಕೂಡಿಸಬೇಕು ಅಂತ ನಮಗೂ ಹೊಳೆಯುವುದಿಲ್ಲ.

ಜಿಂಕ್ ಬಗ್ಗೆ ಈ ನಂಬಿಕೆ ಬಂದದ್ದು ಸುಮ್ನೆ ಅಲ್ಲ. ನಮ್ಮ ದೇಹದ ಮೆತ್ತನೆಯ ಅಂಗಗಳಲ್ಲಿ ಅತಿ ಹೆಚ್ಚು ಜಿಂಕ್ ಇರುವುದು ಪ್ರಾಸ್ಟೇಟ್‌ನಲ್ಲೇ. ಕ್ಯಾನ್ಸರ್ ಆದ ಭಾಗವನ್ನು ಪರೀಕ್ಷೆ ಮಾಡಿದರೆ ಅಲ್ಲಿ ಜಿಂಕ್ ಬಹಳ ಕಡಿಮೆಯಾಗಿರುತ್ತದೆ. ಹಾಗಾದರೆ ಜಿಂಕ್ ಕೊಟ್ಟು ತುಂಬಿಸಿದರೆ ಆಯಿತಲ್ಲ ಅಂತ ಯಾರಿಗಾದರೂ ಅನಿಸುತ್ತದೆ. ಆದರೆ ಅಲ್ಲಿ ಕೆಟ್ಟಿರುವುದು ಬೇರೆ. ಜಿಂಕನ್ನು ಜೀವಕೋಶದ ಒಳಕ್ಕೆ ಎಳೆದುಕೊಳ್ಳುವ ವ್ಯವಸ್ಥೆಯೇ ಕ್ಯಾನ್ಸರ್ ಕೋಶದಲ್ಲಿ ನಿಂತುಹೋಗಿರುತ್ತದೆ. ಮನೆಯ ಪೈಪ್ ಕಟ್ಟಿಕೊಂಡಾಗ ಇನ್ನೊಂದು ಟ್ಯಾಂಕರ್ ತರಿಸಿ ಸಂಪ್ ತುಂಬಿಸಿದರೆ ಅಡುಗೆಮನೆ ನಲ್ಲಿಯಲ್ಲಿ ನೀರು ಬರುತ್ತಾ? ಹಾಗೇ ಇದು.

ಇನ್ನೊಂದು ಮಾತು, ಇದನ್ನು ಯಜಮಾನರಿಗೆ ಓದಿ ಹೇಳಿ. ಅಮೆರಿಕದಲ್ಲಿ ಸುಮಾರು 47 ಸಾವಿರ ಗಂಡಸರನ್ನು 14 ವರ್ಷ ಗಮನಿಸಿ 2003ರಲ್ಲಿ ಒಂದು ವರದಿ ಬಂತು. ದಿನಕ್ಕೆ 100 ಮಿಲಿಗ್ರಾಂಗಿಂತ ಜಾಸ್ತಿ ಜಿಂಕ್ ಮಾತ್ರೆ ತಗೋತಿದ್ದವರಲ್ಲಿ ಮುಂದುವರಿದ ಹಂತದ ಪ್ರಾಸ್ಟೇಟ್ ಕ್ಯಾನ್ಸರ್, ತಗೊಳ್ಳದವರಿಗಿಂತ ಎರಡು ಪಟ್ಟಿಗೂ ಜಾಸ್ತಿ ಕಂಡಿತು. ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಜಿಂಕ್ ನುಂಗಿದವರದ್ದೂ ಹೆಚ್ಚುಕಡಿಮೆ ಇದೇ ಕಥೆ. ಇದು ಜನರನ್ನು ಗಮನಿಸಿ ಬರೆದ ಅಧ್ಯಯನ, ಹಾಗಾಗಿ ಜಿಂಕೇ ಕ್ಯಾನ್ಸರ್ ತಂದಿತು ಅಂತ ಇದೊಂದರಿಂದಲೇ ಹೇಳಲಾಗದು. ಆದರೆ ಕಾಪಾಡುತ್ತದೆ ಅಂತ ನಂಬಿ ನುಂಗುವ ವಸ್ತು ಕಾಪಾಡಲಿಲ್ಲ ಅನ್ನುವುದಂತೂ ಅಲ್ಲಿ ಕಾಣುತ್ತದೆ. ಅದಲ್ಲದೆ ಜಿಂಕ್ ಜಾಸ್ತಿಯಾದರೆ ಕರುಳು ತಾಮ್ರವನ್ನು ಹೀರಿಕೊಳ್ಳುವುದಿಲ್ಲ. ತಾಮ್ರ ಕಡಿಮೆಯಾದರೆ ರಕ್ತಹೀನತೆ ಬರಬಹುದು, ಕಾಲು ಜೋಮು ಹಿಡಿಯಬಹುದು, ನಡಿಗೆ ತಪ್ಪಬಹುದು. ಆಗ ಅದಕ್ಕೂ ಇನ್ನೊಂದು ಮಾತ್ರೆ ಹುಡುಕುತ್ತೇವೆ.

ಸೆಲೆನಿಯಂ ಲೆಕ್ಕವೂ ಹೀಗೇ ಇದೆ. ಅಮೆರಿಕದ ಡಬ್ಬಿಯಲ್ಲಿ 200 ಮೈಕ್ರೋಗ್ರಾಂ, ಮಲ್ಟಿವಿಟಮಿನ್‌ನಲ್ಲಿ 50, ಪ್ರಾಸ್ಟೇಟ್ ಕ್ಯಾಪ್ಸೂಲ್‌ನಲ್ಲಿ 70. ಒಟ್ಟು 320. ನಮಗೆ ಬೇಕಾದದ್ದು ದಿನಕ್ಕೆ 40. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2023ರಲ್ಲಿ ಮೇಲಿನ ಮಿತಿಯನ್ನು 255ಕ್ಕೆ ಇಳಿಸಿದೆ. ಅವರ ಕೂದಲು ಜಾಸ್ತಿ ಉದುರುತ್ತಿದೆಯಾ, ಉಗುರು ಮುರಿಯುತ್ತಿದೆಯಾ, ಬೆಳ್ಳುಳ್ಳಿ ತಿನ್ನದೇ ಇದ್ದರೂ ಉಸಿರಲ್ಲಿ ಬೆಳ್ಳುಳ್ಳಿ ವಾಸನೆ ಇದೆಯಾ ಗಮನಿಸಿ. ಇವೆಲ್ಲ ಸೆಲೆನಿಯಂ ಹೆಚ್ಚಾದಾಗ ಕಾಣುವ ಲಕ್ಷಣ.

ಯಾವುದಾದರೂ ಡಾಕ್ಟರು ಬೇರೆ ಕಾರಣಕ್ಕೆ ಬರೆದುಕೊಟ್ಟಿಲ್ಲ ಅಂದರೆ ಈ ನಾಲ್ಕನ್ನೂ ನಿಲ್ಲಿಸಬಹುದು. ನಿಲ್ಲಿಸಿದರೆ ಏನೂ ಕೆಡುವುದಿಲ್ಲ. ಟೆಸ್ಟ್ ವಿಷಯ ಮಾತ್ರ ಬಿಡಬೇಡಿ. ಒಡಹುಟ್ಟಿದ ಅಣ್ಣನಿಗೇ ಬಂದಿದೆ ಅಂದರೆ ಇವರಿಗೆ ಬರುವ ಸಾಧ್ಯತೆ ಬೇರೆಯವರಿಗಿಂತ ಎರಡು ಪಟ್ಟಿಗೂ ಜಾಸ್ತಿ. ಒಬ್ಬ ಯೂರಾಲಜಿಸ್ಟ್ ಹತ್ತಿರ ಕರೆದುಕೊಂಡು ಹೋಗಿ, ಪಿಎಸ್‌ಎ (ಪ್ರಾಸ್ಟೇಟ್ ತಯಾರಿಸುವ ಒಂದು ಪ್ರೋಟೀನ್) ರಕ್ತಪರೀಕ್ಷೆಯ ಬಗ್ಗೆ ಮಾತಾಡಿ. ಹೋಗುವಾಗ ಆ ಡಬ್ಬಿಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ.

ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನನ್ನ ಸೋದರಮಾವ ಎರಡು ವರ್ಷ ಇಂಥದೇ ಕ್ಯಾಪ್ಸೂಲ್ ತಗೊಂಡರು. ರಾತ್ರಿ ನಾಲ್ಕೈದು ಸಲ ಏಳುತ್ತಿದ್ದರು, ಕೇಳಿದರೆ 'ವಯಸ್ಸಾಯ್ತು, ಔಷಧಿ ತಗೋತಾ ಇದ್ದೀನಿ' ಅನ್ನುತ್ತಿದ್ದರು. ಆಮೇಲೆ ಸೊಂಟ ನೋವು ಶುರುವಾಯಿತು. ಎಣ್ಣೆ ಹಚ್ಚಿ ಬಿಸಿನೀರು ಹಾಕಿಸಿಕೊಂಡರು. ಕೊನೆಗೆ ಸ್ಕ್ಯಾನ್ ಮಾಡಿಸಿದಾಗ ಕಾಯಿಲೆ ಬೆನ್ನುಮೂಳೆಗೆ ಹೋಗಿತ್ತು. ಕ್ಯಾಪ್ಸೂಲ್‌ನಿಂದ ಕಾಯಿಲೆ ಬಂತು ಅಂತ ನಾನು ಹೇಳುತ್ತಿಲ್ಲ. 'ಏನೋ ಮಾಡ್ತಾ ಇದ್ದೀನಲ್ಲ' ಅನ್ನೋ ಆ ಸಮಾಧಾನದಲ್ಲಿ ಎರಡು ವರ್ಷ ಕಳೆದುಹೋಯಿತು. ಆ ಎರಡು ವರ್ಷ ನಮಗೆ ವಾಪಸ್ ಸಿಗಲಿಲ್ಲ.

ಪ್ರಶ್ನೆ: ಸೆಲೆನಿಯಂನಿಂದ ಪ್ರಾಸ್ಟೇಟ್ ಕ್ಯಾನ್ಸರ್ ಮೂರರಲ್ಲಿ ಎರಡು ಪಾಲು ಕಡಿಮೆಯಾಗುತ್ತದೆ ಎಂದು 90ರ ದಶಕದಲ್ಲಿ ಓದಿದ ನೆನಪು. ಈಗ ಬೇಡ ಅನ್ನುತ್ತೀರಿ. ಆಗ ಬರೆದದ್ದು ಸುಳ್ಳೇ?
(ನಿವೃತ್ತ ವಿಜ್ಞಾನ ಶಿಕ್ಷಕರು, ಹನುಮಂತನಗರ)

ಉತ್ತರ: ಮೇಷ್ಟ್ರೇ, ನಿಮ್ಮ ನೆನಪು ಸರಿಯಾಗಿದೆ. ಸುಳ್ಳಲ್ಲ, ಆದರೆ ಕಥೆ ಅಲ್ಲಿಗೇ ಮುಗಿಯಲಿಲ್ಲ.

ಅಮೆರಿಕದ ಪೂರ್ವ ಭಾಗದಲ್ಲಿ ಮಣ್ಣಿನಲ್ಲಿ ಸೆಲೆನಿಯಂ ಕಡಿಮೆ ಇರುವ ಜಾಗಗಳಿವೆ. ಅಲ್ಲಿ 1983ರಲ್ಲಿ ಒಂದು ಪ್ರಯೋಗ ಶುರುವಾಯಿತು. ಮೊದಲೇ ಚರ್ಮದ ಕ್ಯಾನ್ಸರ್ ಬಂದಿದ್ದ 1,312 ಜನ. ಅರ್ಧ ಜನಕ್ಕೆ ದಿನಕ್ಕೆ 200 ಮೈಕ್ರೋಗ್ರಾಂ ಸೆಲೆನಿಯಂ ಇರುವ ಯೀಸ್ಟ್ ಮಾತ್ರೆ, ಉಳಿದವರಿಗೆ ಬರೀ ಯೀಸ್ಟ್. ನೋಡಬೇಕಾಗಿದ್ದದ್ದು ಚರ್ಮದ ಕ್ಯಾನ್ಸರ್ ಮತ್ತೆ ಬರುತ್ತದೆಯಾ ಅಂತ. ಅದೇನೂ ಕಡಿಮೆಯಾಗಲಿಲ್ಲ. ಆದರೆ 1996ರಲ್ಲಿ ಫಲಿತಾಂಶ ಪ್ರಕಟವಾದಾಗ ಯಾರೂ ನಿರೀಕ್ಷಿಸದ ಒಂದು ಅಂಕಿ ಇತ್ತು: ಸೆಲೆನಿಯಂ ತಗೊಂಡವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಸುಮಾರು ಮೂರನೇ ಎರಡು ಪಾಲು ಕಡಿಮೆ. ಜಗತ್ತೆಲ್ಲ ಸೆಲೆನಿಯಂ ಕಡೆ ತಿರುಗಿತು. ನೀವು ಓದಿದ್ದು ಇದೇ ಇರಬೇಕು. ಆಮೇಲೆ ಅದೇ ಅಂಕಿಗಳನ್ನು ಬಿಡಿಸಿ ನೋಡಿದಾಗ ತಿಳಿದದ್ದು ಏನೆಂದರೆ, ಲಾಭ ಹೆಚ್ಚಾಗಿ ಆಗಿದ್ದು ರಕ್ತದಲ್ಲಿ ಮೊದಲೇ ಸೆಲೆನಿಯಂ ಕಡಿಮೆ ಇದ್ದವರಿಗೆ.

ಬೇರೆ ಕಾಯಿಲೆ ಹುಡುಕುವಾಗ ಆಕಸ್ಮಿಕವಾಗಿ ಸಿಕ್ಕ ಉತ್ತರವನ್ನು ಇನ್ನೊಮ್ಮೆ ಪರೀಕ್ಷಿಸಲೇಬೇಕು, ನೀವೂ ಮಕ್ಕಳಿಗೆ ಇದನ್ನೇ ಕಲಿಸಿರುತ್ತೀರಿ. ಅದಕ್ಕಾಗಿಯೇ 2001ರಲ್ಲಿ 'ಸೆಲೆಕ್ಟ್' ಅನ್ನುವ ದೊಡ್ಡ ಪ್ರಯೋಗ ಶುರು ಮಾಡಿದರು. ಅಮೆರಿಕ, ಕೆನಡಾ, ಪೋರ್ಟೊ ರಿಕೊದ 35 ಸಾವಿರಕ್ಕೂ ಹೆಚ್ಚು ಗಂಡಸರು. ಕೆಲವರಿಗೆ ಸೆಲೆನಿಯಂ, ಕೆಲವರಿಗೆ ವಿಟಮಿನ್ ಇ, ಕೆಲವರಿಗೆ ಎರಡೂ, ಕೆಲವರಿಗೆ ಔಷಧಿಯೇ ಇಲ್ಲದ ಮಾತ್ರೆ. ಇನ್ನೂ ಮುಂದುವರಿಸಬೇಕಿದ್ದ ಆ ಪ್ರಯೋಗದ ಮಾತ್ರೆಗಳನ್ನು 2008ರ ಅಕ್ಟೋಬರ್‌ನಲ್ಲೇ ನಿಲ್ಲಿಸಿದರು, ಯಾಕೆಂದರೆ ಸೆಲೆನಿಯಂನಿಂದ ಏನೂ ಪ್ರಯೋಜನ ಕಾಣಲಿಲ್ಲ. ಮಾತ್ರೆ ನಿಲ್ಲಿಸಿದ ಮೇಲೂ ಅವರನ್ನು ಗಮನಿಸುತ್ತಾ ಹೋದರು. 2011ಕ್ಕೆ ಗೊತ್ತಾಯಿತು, ವಿಟಮಿನ್ ಇ ಒಂದನ್ನೇ ತಗೊಂಡವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇ 17ರಷ್ಟು ಹೆಚ್ಚಾಗಿದೆ ಅಂತ.

ಇದರಲ್ಲಿ ನನಗೆ ಬಹಳ ಮುಖ್ಯ ಅನಿಸುವುದು ಕಾಲಿನ ಉಗುರಿನ ವಿಷಯ. ಪ್ರಯೋಗಕ್ಕೆ ಸೇರುವಾಗ ಕಾಲಿನ ಉಗುರು ಕತ್ತರಿಸಿ ಕೊಡುವಂತೆ ಕೇಳಿದ್ದರು. ಉಗುರು ನಿಧಾನವಾಗಿ ಬೆಳೆಯುತ್ತದೆ, ಹಾಗಾಗಿ ತಿಂಗಳುಗಟ್ಟಲೆ ದೇಹಕ್ಕೆ ಎಷ್ಟು ಸೆಲೆನಿಯಂ ಹೋಗಿದೆ ಅನ್ನುವುದು ಅದರಲ್ಲಿ ಉಳಿದಿರುತ್ತದೆ. ಎಷ್ಟೋ ವರ್ಷ ಜೋಪಾನವಾಗಿಟ್ಟ ಆ ಉಗುರಿನ ಚೂರುಗಳನ್ನು ಪರೀಕ್ಷಿಸಿ 2014ರಲ್ಲಿ ಬರೆದ ವರದಿ ಹೀಗಿದೆ: ಮೊದಲೇ ಸೆಲೆನಿಯಂ ಸಾಕಷ್ಟು ಇದ್ದವರು ಮೇಲಿಂದ ಮಾತ್ರೆಯನ್ನೂ ತಗೊಂಡಾಗ, ಉಗ್ರ ಸ್ವರೂಪದ ಪ್ರಾಸ್ಟೇಟ್ ಕ್ಯಾನ್ಸರ್ ಹೆಚ್ಚುಕಡಿಮೆ ಎರಡು ಪಟ್ಟಾಯಿತು. ಇದ್ದವರಿಗೆ ಇನ್ನಷ್ಟು ಕೊಟ್ಟು ತೊಂದರೆ ಮಾಡಿದ ಹಾಗಾಯಿತು, ಅಲ್ವಾ?

ಮಣ್ಣಿನ ವಿಷಯ ನಮ್ಮ ದೇಶಕ್ಕೂ ಅನ್ವಯಿಸುತ್ತದೆ. ಪಂಜಾಬಿನ ನವಾನ್‌ಶಹರ್, ಹೋಶಿಯಾರ್‌ಪುರ ಕಡೆ ಕೆಲವು ಹಳ್ಳಿಗಳ ಮಣ್ಣಿನಲ್ಲಿ ಸೆಲೆನಿಯಂ ವಿಪರೀತ, ದನಗಳ ಗೊರಸು, ಜನರ ಉಗುರು ಹಾಳಾಗುವಷ್ಟು. ಚೀನಾದ ಕೆಶಾನ್ ಅನ್ನುವಲ್ಲಿ ತೀರಾ ಕಡಿಮೆ, ಅಲ್ಲಿ ಮಕ್ಕಳಿಗೆ ಹೃದಯದ ಕಾಯಿಲೆಯೇ ಬಂತು. ನಾವು ಬೆಂಗಳೂರಿನಲ್ಲಿ ತಿನ್ನುವ ಗೋಧಿ ಒಂದು ಕಡೆಯದು, ಬೇಳೆ ಇನ್ನೊಂದು ಕಡೆಯದು, ಅಕ್ಕಿ ಮತ್ತೊಂದು ಕಡೆಯದು. ಗೋಧಿ, ಕಾಳು, ಮೊಟ್ಟೆ, ಮೀನು ತಿನ್ನುವ ಆರೋಗ್ಯವಂತರು ಕ್ಯಾನ್ಸರ್ ತಡೆಯುವುದಕ್ಕೆ ಅಂತ ಸೆಲೆನಿಯಂ ಮಾತ್ರೆ ನುಂಗಬೇಕಾಗಿಲ್ಲ.

ಪ್ರಶ್ನೆ: ನಾನು ಮಂಡ್ಯ ಕಡೆಯವನು, ಇಲ್ಲಿಗೆ ಬಂದು 30 ವರ್ಷ ಆಯ್ತು. ದಿನಾ ಎರಡು ಹೊತ್ತು ಮುದ್ದೆ, ರಾತ್ರಿ ಒಂದು ಲೋಟ ಹಾಲು, ಮಧ್ಯಾಹ್ನ ಮೊಸರು. ಕ್ಯಾಲ್ಸಿಯಂ ಜಾಸ್ತಿಯಾದರೆ ಪ್ರಾಸ್ಟೇಟ್ ಕ್ಯಾನ್ಸರ್ ಬರುತ್ತೆ ಅಂತ ಯಾರೋ ವಾಟ್ಸಾಪಲ್ಲಿ ಕಳಿಸಿದ್ದಾರೆ. ಮುದ್ದೆ ಬಿಡಬೇಕಾ? ಮೂಳೆಗೆ ಅಂತ ಕ್ಯಾಲ್ಸಿಯಂ ಮಾತ್ರೆನೂ ಎರಡು ತಗೋತೀನಿ, ಅದು ಮೆಡಿಕಲ್ ಶಾಪ್‌ನವರು ಕೊಟ್ಟಿದ್ದು.
(ಓದುಗರು, ಕೆಂಗೇರಿ)

ಉತ್ತರ: ಮುದ್ದೆ ಬಿಡಬೇಡಿ! ಯಾರು ಹೇಳಿದರೂ ಬಿಡಬೇಡಿ.

ಲೆಕ್ಕ ನೋಡೋಣ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ. ಒಂದು ಮುದ್ದೆಗೆ ಹೆಚ್ಚುಕಡಿಮೆ ಅಷ್ಟೇ ಹಿಟ್ಟು ಅಂದುಕೊಂಡರೆ ಎರಡಕ್ಕೆ 700. ಒಂದು ಲೋಟ ಹಾಲು 240, ಒಂದು ಬಟ್ಟಲು ಮೊಸರು ಇನ್ನೊಂದು 200. ಒಟ್ಟು 1,100ರ ಆಸುಪಾಸು. ಗಂಡಸರಿಗೆ ದಿನಕ್ಕೆ ಬೇಕಾದದ್ದು 1,000. ರಾಗಿಯಲ್ಲಿ ಫೈಟೇಟ್ ಅನ್ನುವ ಅಂಶ ಇರುವುದರಿಂದ ಅದರ ಕ್ಯಾಲ್ಸಿಯಂ ಪೂರ್ತಿ ದೇಹಕ್ಕೆ ಹತ್ತುವುದೂ ಇಲ್ಲ. ನಿಮ್ಮ ಊಟ ಸರಿಯಾಗೇ ಇದೆ.

ವಾಟ್ಸಾಪ್ ಮಾತಿನಲ್ಲಿ ಒಂದಿಷ್ಟು ನಿಜವೂ ಇದೆ. ದಿನಕ್ಕೆ 2,000 ಮಿಲಿಗ್ರಾಂ ದಾಟಿದ ಗಂಡಸರಲ್ಲಿ ಮುಂದುವರಿದ ಪ್ರಾಸ್ಟೇಟ್ ಕ್ಯಾನ್ಸರ್ ಜಾಸ್ತಿ ಅಂತ 1998ರಲ್ಲಿ ಒಂದು ಅಮೆರಿಕನ್ ಅಧ್ಯಯನ ಹೇಳಿತ್ತು. ಕ್ಯಾಲ್ಸಿಯಂ ಹೆಚ್ಚಾದಾಗ ದೇಹ ವಿಟಮಿನ್ ಡಿಯ ಚುರುಕಾದ ರೂಪವನ್ನು ಕಡಿಮೆ ಮಾಡಿಕೊಳ್ಳುತ್ತದೆ, ಪ್ರಾಸ್ಟೇಟ್ ಕೋಶಗಳು ಮಿತಿಮೀರಿ ಬೆಳೆಯದಂತೆ ತಡೆಯುವುದು ಅದೇ ಇರಬಹುದು ಅನ್ನುವುದು ಅವರ ವಿವರಣೆ. ಆಮೇಲಿನ ಅಧ್ಯಯನಗಳು ಎಲ್ಲ ಒಂದೇ ಮಾತು ಹೇಳಿಲ್ಲ. ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿಯವರು ಹಾಲಿನ ಪದಾರ್ಥ ಮತ್ತು ಹೆಚ್ಚು ಕ್ಯಾಲ್ಸಿಯಂ ವಿಷಯದಲ್ಲಿ 'ಅನುಮಾನ ಇದೆ, ಪುರಾವೆ ಸಾಲದು' ಅನ್ನುವ ಸಾಲಿನಲ್ಲಿ ಇಟ್ಟಿದ್ದಾರೆ. ಮೈಯ ಕೊಬ್ಬು ಜಾಸ್ತಿಯಾದರೆ ಮುಂದುವರಿದ ಪ್ರಾಸ್ಟೇಟ್ ಕ್ಯಾನ್ಸರ್ ಹೆಚ್ಚಬಹುದು ಅನ್ನುವುದಕ್ಕೆ ಮಾತ್ರ ಇದಕ್ಕಿಂತ ಗಟ್ಟಿ ಪುರಾವೆ ಇದೆ ಅನ್ನುತ್ತಾರೆ. ಅಂದರೆ ಮುದ್ದೆಗಿಂತ ಹೊಟ್ಟೆಯ ಸುತ್ತಳತೆ ಕಡೆ ಗಮನ ಕೊಡಿ.

ಈಗ ಆ ಎರಡು ಮಾತ್ರೆ. ಒಂದೊಂದರಲ್ಲಿ 500 ಮಿಲಿಗ್ರಾಂ ಇದ್ದರೆ ನಿಮ್ಮ 1,100 ಒಂದೇ ಏಟಿಗೆ 2,100 ಆಗುತ್ತದೆ. ಗಡಿ ದಾಟಿಸುತ್ತಿರುವುದು ಮಾತ್ರೆ, ಮುದ್ದೆ ಅಲ್ಲ. ಡಾಕ್ಟರು ಬರೆದುಕೊಡದೆ ಅಂಗಡಿಯಿಂದ ತಂದದ್ದು ಅಂದಿರಿ, ಹಾಗಾದರೆ ಬಿಡಿ. ಆದರೆ ಇದನ್ನು ಓದುವ ಬೇರೆಯವರು ಒಂದು ಗಮನಿಸಬೇಕು. ಮೂಳೆ ಸವೆತಕ್ಕೆ ಅಂತಲೋ, ಪ್ರಾಸ್ಟೇಟ್ ಕ್ಯಾನ್ಸರ್‌ಗೇ ಹಾರ್ಮೋನ್ ಚಿಕಿತ್ಸೆ ನಡೆಯುತ್ತಿದೆ ಅಂತಲೋ ಡಾಕ್ಟರು ಕ್ಯಾಲ್ಸಿಯಂ ಕೊಟ್ಟಿದ್ದರೆ ಅದನ್ನು ನಿಲ್ಲಿಸಬೇಡಿ. ಆ ಚಿಕಿತ್ಸೆಯಲ್ಲಿ ಮೂಳೆ ಬೇಗ ಸವೆಯುತ್ತದೆ, ಅವರಿಗೆ ಅದು ಬೇಕು.

ಮುದ್ದೆಗೆ ಮೊಳಕೆ ಹುರುಳಿ ಸಾರು, ಸೊಪ್ಪಿನ ಬಸ್ಸಾರು ಇರಲಿ. ಕಾಳು ಮೊಳಕೆ ಬಂದಾಗ ಫೈಟೇಟ್ ಕಡಿಮೆಯಾಗಿ ಜಿಂಕ್, ಕಬ್ಬಿಣ ಚೆನ್ನಾಗಿ ಹತ್ತುತ್ತದೆ. ದೋಸೆ, ಇಡ್ಲಿ ಹಿಟ್ಟು ಹುಳಿ ಬಂದಾಗಲೂ ಹಾಗೇ. ನಮ್ಮ ಅಜ್ಜಿಯರು ರಾತ್ರಿ ಕಾಳು ನೆನೆಹಾಕಿ, ಬೆಳಗ್ಗೆ ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೂಲೆಯಲ್ಲಿ ಇಡುತ್ತಿದ್ದರಲ್ಲ, ಜಿಂಕ್ ಮಾತ್ರೆಗೆ ಕೊಡುವ ದುಡ್ಡಿಗಿಂತ ಆ ಬಟ್ಟೆಯ ಗಂಟಿನ ಮೇಲೆ ನನಗೆ ನಂಬಿಕೆ. ಎಳ್ಳು, ಕುಂಬಳದ ಬೀಜದಲ್ಲೂ ಜಿಂಕ್ ಚೆನ್ನಾಗಿದೆ.

ಪ್ರಶ್ನೆ: ನಮ್ಮ ಬಡಾವಣೆಗೆ ಬೋರ್‌ವೆಲ್ ನೀರು. ಪಾತ್ರೆ, ನಲ್ಲಿ ಎಲ್ಲ ಬೆಳ್ಳಗೆ ಪದರ ಕಟ್ಟುತ್ತದೆ. ಈ ಗಡಸು ನೀರಿನಿಂದ ಪ್ರಾಸ್ಟೇಟ್‌ಗೆ ತೊಂದರೆಯಾ?
(ಓದುಗರು, ಯಲಹಂಕ)

ಉತ್ತರ: ಆ ಬಿಳಿ ಪದರ ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣ. ನೀರಿನ ಗಡಸುತನಕ್ಕೆ ಆರೋಗ್ಯದ ದೃಷ್ಟಿಯಿಂದ ವಿಶ್ವ ಆರೋಗ್ಯ ಸಂಸ್ಥೆ ಮಿತಿಯನ್ನೇ ಹಾಕಿಲ್ಲ. ನಮ್ಮ ದೇಶದ ಗುಣಮಟ್ಟ ಸಂಸ್ಥೆ ಬಿಐಎಸ್ ಪ್ರಕಾರ ಲೀಟರ್‌ಗೆ 200 ಮಿಲಿಗ್ರಾಂವರೆಗೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ. ಪ್ರಾಸ್ಟೇಟ್ ಚಿಂತೆ ಬಿಡಿ. ಆದರೆ ಬೋರ್‌ವೆಲ್ ನೀರನ್ನು ಫ್ಲೋರೈಡ್, ನೈಟ್ರೇಟ್‌ಗೆ ಒಮ್ಮೆ ಪರೀಕ್ಷೆ ಮಾಡಿಸಿ, ಅದು ಬೇರೆ ಕಾರಣಕ್ಕೆ ಬೇಕು.

ಪ್ರಶ್ನೆ: ಪೀಣ್ಯದಲ್ಲಿ ಪ್ಲೇಟಿಂಗ್ ಕೆಲಸ, 18 ವರ್ಷ ಆಯ್ತು. ಕ್ಯಾಡ್ಮಿಯಂನಿಂದ ಪ್ರಾಸ್ಟೇಟ್ ಕ್ಯಾನ್ಸರ್ ಬರುತ್ತಂತೆ, ನಿಜಾನಾ ಸಾರ್?
(ಓದುಗರು, ಲಗ್ಗೆರೆ)

ಉತ್ತರ: ಕ್ಯಾಡ್ಮಿಯಂ ಅನ್ನುವ ಲೋಹ ಕ್ಯಾನ್ಸರ್‌ಕಾರಕ ಅನ್ನುವುದು ಖಚಿತ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಮೊದಲ ಗುಂಪಿನಲ್ಲೇ ಇಟ್ಟಿದೆ. ಪಕ್ಕಾ ಪುರಾವೆ ಇರುವುದು ಶ್ವಾಸಕೋಶಕ್ಕೆ, ಪ್ರಾಸ್ಟೇಟ್ ಮತ್ತು ಮೂತ್ರಪಿಂಡದ ವಿಷಯದಲ್ಲಿ ನಂಟು ಕಂಡಿದೆ, ಇನ್ನೂ ಸಾಬೀತಾಗಿಲ್ಲ. ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ನಿಮ್ಮ ಯೂನಿಟ್‌ನಲ್ಲಿ ಕ್ಯಾಡ್ಮಿಯಂ ಪ್ಲೇಟಿಂಗ್ ಇದೆಯಾ ಅಂತ ಮೊದಲು ಕೇಳಿ ತಿಳಿದುಕೊಳ್ಳಿ. ಇದ್ದರೆ ಹೊಗೆ ಎಳೆಯುವ ಎಕ್ಸಾಸ್ಟ್, ಸರಿಯಾದ ಮಾಸ್ಕ್ ಕೇಳಿ ಪಡೆಯಿರಿ, ಅದು ನಿಮ್ಮ ಹಕ್ಕು. ಊಟಕ್ಕೆ ಮುಂಚೆ ಕೈ ತೊಳೆಯಿರಿ, ಕೆಲಸದ ಬಟ್ಟೆಯನ್ನು ಮಕ್ಕಳ ಬಟ್ಟೆ ಜೊತೆ ಒಗೆಯಬೇಡಿ. ಬೀಡಿ, ಸಿಗರೇಟ್ ಇದ್ದರೆ ಇವತ್ತೇ ಬಿಡಿ, ತಂಬಾಕಿನ ಹೊಗೆಯಲ್ಲೂ ಕ್ಯಾಡ್ಮಿಯಂ ಇದೆ. ಇಎಸ್‌ಐ ಇದ್ದರೆ ಅಲ್ಲಿನ ಡಾಕ್ಟರಿಗೆ ನಿಮ್ಮ ಕೆಲಸ ಏನು ಅಂತ ಬಿಡಿಸಿ ಹೇಳಿ ಮೂತ್ರದಲ್ಲಿ ಕ್ಯಾಡ್ಮಿಯಂ ಪರೀಕ್ಷೆ ಬಗ್ಗೆ ಕೇಳಿ. ದೇಹದಲ್ಲಿ ಕಬ್ಬಿಣ ಕಡಿಮೆ ಇದ್ದರೆ ಕರುಳು ಕ್ಯಾಡ್ಮಿಯಂ ಅನ್ನು ಜಾಸ್ತಿ ಹೀರಿಕೊಳ್ಳುತ್ತದೆ, ಅದಕ್ಕೇ ಹಿಮೋಗ್ಲೋಬಿನ್ ಕೂಡ ನೋಡಿಸಿ. ಸೊಪ್ಪು, ಕಾಳಿನ ಜೊತೆ ನಿಂಬೆಹಣ್ಣು ಹಿಂಡಿಕೊಂಡು ತಿನ್ನಿ.

ಪ್ರಶ್ನೆ: ನನಗೆ 38, ವೈಟ್‌ಫೀಲ್ಡ್‌ನಲ್ಲಿ ಐಟಿ ಕೆಲಸ. ಅಪ್ಪನಿಗೆ 59ನೇ ವಯಸ್ಸಿನಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಪತ್ತೆಯಾಯಿತು, ಈಗ ಚಿಕಿತ್ಸೆ ಆಗಿ ಆರಾಮಾಗಿದ್ದಾರೆ. ನಾನು ಮಾತ್ರೆ ತಗೊಳ್ಳಲ್ಲ, ದಿನಾ ಆರೇಳು ಬ್ರೆಜಿಲ್ ನಟ್ಸ್ ತಿಂತೀನಿ. ಇದು ನ್ಯಾಚುರಲ್ ಅಲ್ವಾ?
(ಓದುಗರು, ವೈಟ್‌ಫೀಲ್ಡ್)

ಉತ್ತರ: ಅಪ್ಪ ಆರಾಮಾಗಿದ್ದಾರೆ ಅಂತ ಓದಿ ಸಂತೋಷವಾಯಿತು. ನ್ಯಾಚುರಲ್ ಹೌದು, ಆದರೆ ಸೆಲೆನಿಯಂ ಅಷ್ಟು ತುಂಬಿಕೊಂಡಿರುವ ಬೀಜ ಇನ್ನೊಂದಿಲ್ಲ. ಆರೆಂಟು ಬೀಜದಲ್ಲಿ 500 ಮೈಕ್ರೋಗ್ರಾಂ ದಾಟಬಹುದು, ಮೇಲೆ ಹೇಳಿದ ಅಮೆರಿಕದ ಮಾತ್ರೆಯ ಎರಡು ಪಟ್ಟಿಗೂ ಜಾಸ್ತಿ! ರುಚಿಗೆ ಯಾವಾಗಲಾದರೂ ಒಂದು ತಿನ್ನಿ, ದಿನಾ ಬೇಡ. ಕಡಲೆಬೀಜ ತಿನ್ನಿ, ಬಸವನಗುಡಿ ಪರಿಷೆಗೆ ಹೋಗಿ ಒಂದು ಸೇರು ತನ್ನಿ.

ನಿಮ್ಮ ವಿಷಯದಲ್ಲಿ ಊಟಕ್ಕಿಂತ ಮನೆತನದ ಚರಿತ್ರೆ ಮುಖ್ಯ. ಅಪ್ಪ, ಚಿಕ್ಕಪ್ಪ, ದೊಡ್ಡಪ್ಪ, ತಾತ, ಯಾರಿಗೆ ಯಾವ ವಯಸ್ಸಿನಲ್ಲಿ ಬಂತು ಬರೆದಿಟ್ಟುಕೊಳ್ಳಿ. ಅಮ್ಮನ ಕಡೆಯದನ್ನೂ ಕೇಳಿ. ಸೋದರತ್ತೆ, ಚಿಕ್ಕಮ್ಮ, ಅಜ್ಜಿಗೆ ಸ್ತನದ ಅಥವಾ ಅಂಡಾಶಯದ ಕ್ಯಾನ್ಸರ್ ಇತ್ತಾ ಅನ್ನುವುದೂ ಬೇಕು, ಯಾಕೆಂದರೆ ಬಿಆರ್‌ಸಿಎ2 ಅನ್ನುವ ಜೀನ್‌ನ ದೋಷ ಹೆಂಗಸರಲ್ಲಿ ಆ ಕ್ಯಾನ್ಸರ್‌ಗೂ ಗಂಡಸರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್‌ಗೂ ದಾರಿ ಮಾಡುತ್ತದೆ. ನಮ್ಮ ಮನೆಗಳಲ್ಲಿ ಹೆಂಗಸರ ಕಾಯಿಲೆಯನ್ನು ಗಂಡುಮಕ್ಕಳಿಗೆ ಹೇಳುವುದೇ ಇಲ್ಲ. ಅಮ್ಮನ ಹತ್ತಿರ ಕೂತು ಕೇಳಿ, ಸಂಕೋಚ ಬೇಡ.

ಕಿದ್ವಾಯಿ ಆಸ್ಪತ್ರೆಯಲ್ಲಿ 1982ರಿಂದ ಬೆಂಗಳೂರಿನ ಕ್ಯಾನ್ಸರ್ ಲೆಕ್ಕ ಇಡುತ್ತಾ ಬಂದಿದ್ದಾರೆ. ಈ ಊರಿನ ಗಂಡಸರಲ್ಲಿ ಹೆಚ್ಚು ಕಾಣುವ ಕ್ಯಾನ್ಸರ್‌ಗಳಲ್ಲಿ ಈಗ ಪ್ರಾಸ್ಟೇಟ್ ಕೂಡ ಸೇರಿದೆ. ಅಪ್ಪನಿಗೆ 65ಕ್ಕಿಂತ ಮೊದಲೇ ಬಂದಿದ್ದರೆ ಮಗ 45ಕ್ಕೆ ಪಿಎಸ್‌ಎ ಬಗ್ಗೆ ಡಾಕ್ಟರ ಹತ್ತಿರ ಮಾತಾಡಬೇಕು, ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ಬಂದಿದ್ದರೆ 40ಕ್ಕೇ. ಅಂದರೆ ಪಟ್ಟಿ ಬರೆದ ಮೇಲೆ ನಿಮಗೆ ಉಳಿದಿರುವುದು ಏಳು ವರ್ಷವೋ ಎರಡೇ ವರ್ಷವೋ ಗೊತ್ತಾಗುತ್ತದೆ. ಪಿಎಸ್‌ಎ ಜಾಸ್ತಿ ಬಂದ ತಕ್ಷಣ ಕ್ಯಾನ್ಸರ್ ಅಂತ ಅಲ್ಲ, ಗ್ರಂಥಿ ದೊಡ್ಡದಾದರೂ ಸೋಂಕಾದರೂ ಏರುತ್ತದೆ. ಪರೀಕ್ಷೆಗೆ ಮುಂಚಿನ ಎರಡು ದಿನ ಸೈಕಲ್, ಜಿಮ್, ಲೈಂಗಿಕ ಸಂಪರ್ಕ ಬೇಡ, ಮೂತ್ರದ ಸೋಂಕು ಆಗಿದ್ದರೆ ಆರು ವಾರ ಬಿಟ್ಟು ಮಾಡಿಸಿ. ತಲೆಕೂದಲಿಗೆ ಅಂತ ಫಿನಾಸ್ಟರೈಡ್ ತಗೋತಿದ್ದರೆ ಡಾಕ್ಟರಿಗೆ ಮೊದಲೇ ಹೇಳಿಬಿಡಿ. ಅದು ಪಿಎಸ್‌ಎಯನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ, ಹೇಳದಿದ್ದರೆ ವರದಿ ನೋಡಿ ಎಲ್ಲ ಸರಿ ಇದೆ ಅಂದುಕೊಂಡುಬಿಡುತ್ತಾರೆ.